ಅಪ್‌ಡೇಟ್: ಪಿಎಸ್5ನಲ್ಲಿ 4ಕೆ 120 ಹರ್ಟ್ಸ್ ಈಗ ಬರುತ್ತಿದೆ

ನಾನು ಕೇಳಿದ್ದು ಇಷ್ಟು: ಟಿವಿ 120 ಹರ್ಟ್ಸ್‌ನದ್ದೇ (ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸಬಲ್ಲದು), ಆದರೂ ಪಿಎಸ್5 ಗೇಮ್ ಕನ್ಸೋಲ್ 2160ಪಿ (ಅಂದರೆ 4ಕೆ) 60 ಹರ್ಟ್ಸ್ ದಾಟುತ್ತಿಲ್ಲ, ಯಾಕೆ? ಕೇಬಲ್ ಬದಲಿಸಿ ಅಂತ ಹಲವರು ಹೇಳಿದ್ದಿರಿ. ಕೇಬಲ್ ಸರಿಯಾಗಿಯೇ ಇತ್ತು, ಕನ್ಸೋಲ್ ಜೊತೆ ಬಂದದ್ದೇ ಸಾಕು. ತಡೆ ಇದ್ದದ್ದು ಕನ್ಸೋಲ್ ಮತ್ತು ಟಿವಿ ನಡುವೆ ಜೋಡಿಸಿದ್ದ ಸೌಂಡ್‌ಬಾರ್‌ನಲ್ಲಿ. ಅದರ ಎಚ್‌ಡಿಎಂಐ 2.0 ಪೋರ್ಟ್ ಸೆಕೆಂಡಿಗೆ 18 ಗಿಗಾಬಿಟ್ ಮಾತ್ರ ಸಾಗಿಸುತ್ತದೆ. 10 ಬಿಟ್ ಎಚ್‌ಡಿಆರ್ (ಬೆಳಕು-ಬಣ್ಣದ ಹೆಚ್ಚಿನ ವ್ಯಾಪ್ತಿ) ಜೊತೆಗೆ 4ಕೆ 120 ಅದರಲ್ಲಿ ಹಿಡಿಸುವುದಿಲ್ಲ.

ಈಗ ಕನ್ಸೋಲ್ ನೇರ ಟಿವಿಗೆ, ಸದ್ದು ಟಿವಿಯ ಇಆರ್ಕ್ ಪೋರ್ಟ್‌ನಿಂದ (ಟಿವಿಯ ಸದ್ದನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಪೋರ್ಟ್) ಸೌಂಡ್‌ಬಾರ್‌ಗೆ. ಇಷ್ಟರಲ್ಲೇ ಮುಗಿಯಲಿಲ್ಲ. ನನ್ನ ಟಿವಿಯ 4 ಪೋರ್ಟ್‌ಗಳಲ್ಲಿ 2 ಮಾತ್ರ ಹೆಚ್ಚು ವೇಗದ ಎಚ್‌ಡಿಎಂಐ 2.1, ಅವುಗಳಿಗೂ ಟಿವಿ ಮೆನುವಿನಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟನ್ನು ಎನ್‌ಹಾನ್ಸ್ಡ್‌ಗೆ ಹಾಕಬೇಕು. ಪ್ರತಿ ಪೋರ್ಟ್‌ಗೂ ಬೇರೆಯಾಗಿ! ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಆಮೇಲೆ ಪಿಎಸ್5ನ ಸೆಟ್ಟಿಂಗ್ಸ್, ಸ್ಕ್ರೀನ್ ಆ್ಯಂಡ್ ವಿಡಿಯೊ, ವಿಡಿಯೊ ಔಟ್‌ಪುಟ್‌ಗೆ ಹೋಗಿ 120 ಹರ್ಟ್ಸ್ ಔಟ್‌ಪುಟ್ ಆಟೊಮ್ಯಾಟಿಕ್ ಮಾಡಿ. ಹೋಮ್ ಸ್ಕ್ರೀನ್ 60ರಲ್ಲೇ ಇದ್ದರೆ ಗಾಬರಿ ಬೇಡ, 120 ಶುರುವಾಗುವುದು ಆಟದೊಳಗೆ. ಆಟಕ್ಕೂ ಆ ಬೆಂಬಲ ಇರಬೇಕು. ಅನೇಕ ಆಟಗಳಲ್ಲಿ ಪರ್ಫಾರ್ಮೆನ್ಸ್ ಮೋಡ್ (ಚಿತ್ರದ ವಿವರಕ್ಕಿಂತ ವೇಗಕ್ಕೆ ಒತ್ತು ಕೊಡುವ ಆಯ್ಕೆ) ಆರಿಸಿದರೆ ಮಾತ್ರ ಸಿಗುತ್ತದೆ. ಆಗ ಟಿವಿ 2160ಪಿ ಅಂತ ತೋರಿಸಿದರೂ ಆಟ ಒಳಗೆ ಅದಕ್ಕಿಂತ ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬಿಡಿಸುತ್ತಿರಬಹುದು. ವೇಗದ ಆಟಗಳಿಗೆ ಈ ವಿನಿಮಯ ಖಂಡಿತ ಒಳ್ಳೆಯದು.

ಬದಲಾವಣೆ ಮಾಡುವಾಗ ಪರದೆ ಕಪ್ಪಾದರೆ: ಕನ್ಸೋಲ್ ಆಫ್ ಮಾಡಿ, ಎರಡನೇ ಬೀಪ್ ಕೇಳುವವರೆಗೆ ಪವರ್ ಬಟನ್ ಒತ್ತಿ ಹಿಡಿಯಿರಿ. ಸೇಫ್ ಮೋಡ್ (ತೊಂದರೆ ಸರಿಪಡಿಸುವ ಮೆನು) ಬರುತ್ತದೆ. ಕಂಟ್ರೋಲರನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, 2ನೇ ಆಯ್ಕೆಯಲ್ಲಿ ರೆಸಲ್ಯೂಶನ್ ಬದಲಿಸಿ.