ಅಪ್‌ಡೇಟ್: ದಾವಣಗೆರೆಯ ನಮ್ಮ ಹಳೆಯ ಮನೆಯ ಬೀಮ್ ಬಿರುಕು

ಮನೆ ನವೀಕರಣದ ನಡುವೆ ಬೀಮ್‌ನ ತಳದಲ್ಲಿ ಉದ್ದಕ್ಕೂ ಬಿರುಕು ಕಂಡಿತ್ತು, ಸಿಮೆಂಟ್ ಮೆತ್ತಿದರೆ ಸಾಕೇ ಎಂದು ಕೇಳಿದ್ದೆ. "ಮೊದಲು ಜಾಕ್ (ತಾತ್ಕಾಲಿಕ ಆಸರೆ) ಕೊಡಿಸಿ, ಆಮೇಲೆ ಮಾತು" ಎಂದವರಿಗೆ ಧನ್ಯವಾದ.

ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿದರು. ಭಾರಕ್ಕೆ ಬಿಡುವ ಬಿರುಕು ಸಾಮಾನ್ಯವಾಗಿ ಬೀಮ್‌ನ ನಡುವೆ ಅಡ್ಡಲಾಗಿ, ಇಲ್ಲವೇ ಕಂಬದ ಬಳಿ ಓರೆಯಾಗಿ ಇರುತ್ತದೆ. ಇದು ಒಳಗಿನ ಕಬ್ಬಿಣದ ಕಂಬಿಯ ಜಾಡನ್ನೇ ಹಿಡಿದಿತ್ತು. ಕೆತ್ತಿಸಿದಾಗ ಕಂಬಿ ತುಕ್ಕು ಹಿಡಿದು ಪದರು ಪದರಾಗಿ ಎದ್ದಿತ್ತು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೂಲ, ಮಹಡಿಯ ಬಚ್ಚಲಿನ ಸೋರಿಕೆ. ಒಡೆದ ಭಾಗಕ್ಕೆ ಫಿನಾಲ್ಫ್ತಲೀನ್ (ಕ್ಷಾರವಿದ್ದರೆ ಗುಲಾಬಿಯಾಗುವ ದ್ರಾವಣ) ಸಿಂಪಡಿಸಿದರೆ ಗುಲಾಬಿ ಬಣ್ಣ ಬರಲೇ ಇಲ್ಲ: ಕಂಬಿಯನ್ನು ಕಾಯುವ ಕ್ಷಾರಗುಣ ಅಲ್ಲಿ ಉಳಿದಿಲ್ಲ. (ನಮ್ಮ ಮೇಸ್ತ್ರಿ ಮಾತ್ರ ಇನ್ನೂ "ಒಂದು ಬುಟ್ಟಿ ಗಾರೆ ಸಾಕು" ಎನ್ನುತ್ತಿದ್ದಾರೆ.)

ಮೊದಲು ಪೈಪ್ ರಿಪೇರಿ. ನಂತರ ತುಕ್ಕು ಉಜ್ಜಿ, ಹೊಸ ಕಂಬಿ ಕಟ್ಟಿ, ಮೈಕ್ರೋ ಕಾಂಕ್ರೀಟ್ (ಸಂದುಗಳಿಗೆ ಹರಿದು ತುಂಬುವ ರಿಪೇರಿ ಕಾಂಕ್ರೀಟ್) ಹಾಕಿಸುತ್ತೇವೆ.