ಹಳೆಯ ಮಕ್ಕಳ ಪುಸ್ತಕಗಳನ್ನು ಮೊಮ್ಮಕ್ಕಳಿಗೆ ದಾಟಿಸುವುದು ಹೇಗೆ? ಮಕ್ಕಳ ಗ್ರಂಥಪಾಲಕಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗದಿಂದ ಒಬ್ಬ ಅಜ್ಜಿ): ನಮಸ್ಕಾರ ಮೇಡಂ. ನನ್ನ ಮಕ್ಕಳು ಚಿಕ್ಕವರಿದ್ದಾಗ ಕೊಂಡ ಪದ್ಯದ ಪುಸ್ತಕಗಳನ್ನೂ ಚಂದಮಾಮದ ಹಳೆಯ ಸಂಚಿಕೆಗಳನ್ನೂ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಎರಡನೆಯ ತರಗತಿ ಓದುತ್ತಿರುವ ಮೊಮ್ಮಗ ರಜೆಗೆ ಬಂದಾಗ ಆಸೆಯಿಂದ ಅವನ ಕೈಗೆ ಕೊಟ್ಟರೆ, ನಾಲ್ಕು ಪುಟ ಮಗುಚಿ ಎದ್ದು ಹೋಗುತ್ತಾನೆ. ಕನ್ನಡವನ್ನು ಚೆನ್ನಾಗಿಯೇ ಮಾತನಾಡುತ್ತಾನೆ, ಆದರೆ ಓದುವಾಗ ಅಕ್ಷರಕ್ಕೆ ಅಕ್ಷರ ಕೂಡಿಸಬೇಕಾಗುತ್ತದೆ. ಈ ಪುಸ್ತಕಗಳ ಕಾಲವೇ ಮುಗಿಯಿತೆಂದು ತಿಳಿಯಬೇಕೆ?

ಉತ್ತರ: ನಮಸ್ಕಾರ ಅಮ್ಮ. ಹಾಗೆ ತಿಳಿಯಬೇಕಾಗಿಲ್ಲ. ಏಳು ವರ್ಷದ ಮಗು ಕೇಳಿ ಅರ್ಥಮಾಡಿಕೊಳ್ಳುವ ಕನ್ನಡಕ್ಕೂ ತಾನೇ ಓದಬಲ್ಲ ಕನ್ನಡಕ್ಕೂ ಬಹಳ ಅಂತರವಿರುತ್ತದೆ. ಶಾಲೆಯ ಓದೆಲ್ಲ ಇಂಗ್ಲಿಷಿನಲ್ಲಿ ನಡೆಯುವಾಗ ಆ ಅಂತರ ಇನ್ನೂ ಹಿಗ್ಗುತ್ತದೆ. ನಿಮ್ಮ ಮೊಮ್ಮಗನಿಗೆ ಕಥೆ ಸಿಗುವ ಮೊದಲೇ ಒತ್ತಕ್ಷರಗಳು ಅಡ್ಡ ಬಂದಿವೆ, ಅಷ್ಟೆ. ಪುಸ್ತಕ ನಿಮ್ಮ ಕೈಯಲ್ಲೇ ಇರಲಿ, ನೀವು ಗಟ್ಟಿಯಾಗಿ ಓದಿ, ಅವನು ಪಕ್ಕದಲ್ಲಿ ಕುಳಿತು ಚಿತ್ರ ನೋಡುತ್ತ ಕೇಳಲಿ.

ನಮ್ಮ ಹಳೆಯ ಮಕ್ಕಳ ಸಾಹಿತ್ಯದ ಬಹುಭಾಗ ಹುಟ್ಟಿರುವುದೇ ಹಾಗೆ ಕೇಳಿಸುವುದಕ್ಕಾಗಿ. ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ಮಕ್ಕಳ ನಡುವೆ ಓಡಾಡಿದವರು. ಅವರ ಪದ್ಯಗಳನ್ನು ಮೌನವಾಗಿ ಓದಿದರೆ ಅರ್ಧ ರುಚಿಯೂ ಸಿಕ್ಕುವುದಿಲ್ಲ. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳೂ ಹಾಗೆಯೇ. ಆದ್ದರಿಂದ ಮೊದಲು ಪುಟ್ಟ ಪದ್ಯಗಳು, ಆಮೇಲೆ ಕಥನ ಕವನ, ಗದ್ಯ ಕೊನೆಗೆ ಎಂಬ ಕ್ರಮವನ್ನು ನಾನು ಸೂಚಿಸುತ್ತೇನೆ. ಕಥನ ಕವನಕ್ಕೆ ಕುವೆಂಪು ಅವರ ಕಿಂದರಿಜೋಗಿಗಿಂತ ಒಳ್ಳೆಯ ಆಯ್ಕೆ ನಿಮ್ಮ ಊರಿನವರಿಗೆ ಇರಲಾರದು. ಬ್ರೌನಿಂಗ್ ಕವಿ ಜರ್ಮನಿಯ ಊರೊಂದರ ಬಗ್ಗೆ ಬರೆದ ಕಥೆಯನ್ನು ಅವರು ತುಂಗೆಯ ದಡಕ್ಕೇ ತಂದಿದ್ದಾರೆ. ಅದರಲ್ಲಿ ಅಣ್ಣ, ತಮ್ಮ, ಅವ್ವ, ಅಪ್ಪ, ಮಾವ ಎಂದು ನೆಂಟಸ್ತಿಕೆ ಹಚ್ಚಿ ಇಲಿಗಳನ್ನು ಕರೆಯುವ ಸಾಲುಗಳು ಬಂದಾಗ ಸ್ವಲ್ಪ ನಿಲ್ಲಿಸಿ, ನಿಮ್ಮ ಮನೆಯ ಸೋದರತ್ತೆ, ಚಿಕ್ಕಪ್ಪಂದಿರನ್ನೂ ಇಲಿಗಳ ಸಾಲಿಗೆ ಸೇರಿಸಲು ಅವನನ್ನೇ ಬಿಡಿ. (ಚಿಕ್ಕಪ್ಪಂದಿರು ಎದುರಿಗಿದ್ದರೆ ಇನ್ನೂ ಒಳ್ಳೆಯದು.)

ಚಂದಮಾಮ ಕನ್ನಡದಲ್ಲಿ 1949ರಿಂದ ಬಂದ ಪತ್ರಿಕೆ. ಅದರ ಬೇತಾಳ ಕಥೆಗಳು ಜೊತೆಯಾಗಿ ಓದಲು ಹೇಳಿ ಮಾಡಿಸಿದಂತಿವೆ. ಬೇತಾಳನು ಪ್ರಶ್ನೆ ಕೇಳಿದ ಕೂಡಲೇ ಪುಸ್ತಕವನ್ನು ಮುಚ್ಚಿ, ತ್ರಿವಿಕ್ರಮನಿಗಿಂತ ಮೊದಲು ಮೊಮ್ಮಗನೇ ಉತ್ತರ ಹೇಳಲಿ. ಉತ್ತರ ಬೇರೆಯಾದರೆ ತಿದ್ದಬೇಡಿ. ರಾಜನ ತೀರ್ಪು ಸರಿಯಲ್ಲವೆಂದು ಮಗು ವಾದಿಸಿದರೆ ಕಥೆ ಅದರ ತಲೆಗೆ ಹೋಗಿದೆಯೆಂದೇ ಅರ್ಥ. ಪ್ರತಿ ಪದಕ್ಕೂ ಅರ್ಥ ಹೇಳುವುದು, ಓದಿ ಮುಗಿಸಿದ ಮೇಲೆ ನೀತಿಯೇನೆಂದು ಕೇಳುವುದು, ನಿನ್ನಪ್ಪ ನಿನ್ನ ವಯಸ್ಸಿನಲ್ಲಿ ಇದನ್ನು ತಾನೇ ಓದುತ್ತಿದ್ದ ಎಂದು ಹೋಲಿಸುವುದು, ಈ ಮೂರನ್ನೂ ದಯವಿಟ್ಟು ಬಿಡಿ. ಅಜ್ಜ ಅಜ್ಜಿಯರಿಗೆ ಕಷ್ಟವಾಗುವುದು ಹೆಚ್ಚಾಗಿ ಮೂರನೆಯದೇ.

ಪ್ರಶ್ನೆ (ಮಂಗಳೂರಿನಿಂದ ಒಬ್ಬ ಅಜ್ಜ): ಗೋವಿನ ಹಾಡನ್ನು ಹೇಳಿದರೆ ಐದು ವರ್ಷದ ಮೊಮ್ಮಗಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಸೊಸೆಗೆ ಇದು ಹಿಡಿಸುತ್ತಿಲ್ಲ. ಹಳೆಯ ಕಥೆಗಳಲ್ಲಿ ಮೈಬಣ್ಣ, ಜಾತಿ, ಕುಂಟು ಕುರುಡುಗಳ ಬಗ್ಗೆ ಬರುವ ಮಾತುಗಳೂ ಸರಿಯಲ್ಲವೆಂದು ಅವಳು ಹೇಳುತ್ತಾಳೆ. ಇವನ್ನೆಲ್ಲ ತೆಗೆದು ಓದಬೇಕೇನು?

ಉತ್ತರ: ಸರ್, ಇವು ಎರಡು ಬೇರೆ ಬೇರೆ ವಿಷಯಗಳು. ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಡುವಾಗ ಬರುವ ಅಳು ಕಥೆ ಮುಟ್ಟಿದ್ದರ ಗುರುತು, ಅದಕ್ಕೆ ಹೆದರಬೇಕಾಗಿಲ್ಲ. ಹುಲಿ ಪ್ರಾಣ ಬಿಡುವ ಭಾಗವನ್ನು ಬದಲಿಸಿ, ಎಲ್ಲರೂ ಸುಖವಾಗಿದ್ದರೆಂದು ಹಾಡಿದರೆ, ಮುಂದೊಂದು ದಿನ ಆಕೆಗೆ ನಿಜವಾದ ಹಾಡು ಸಿಕ್ಕೇ ಸಿಗುತ್ತದೆ, ಆಗ ನಿಮ್ಮ ಮಾತಿನ ಮೇಲಿನ ನಂಬಿಕೆ ತಗ್ಗುತ್ತದೆ. ಮಲಗುವ ಹೊತ್ತಿಗೆ ಬೇಡ, ಹಗಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿ. ಸಾಕು ಎಂದರೆ ಅಲ್ಲಿಗೇ ನಿಲ್ಲಿಸಿ.

ಮನುಷ್ಯರನ್ನು ಹೀಗಳೆಯುವ ಮಾತಿನ ವಿಷಯದಲ್ಲಿ ನಾನು ನಿಮ್ಮ ಸೊಸೆಯ ಪಕ್ಷ. ಒಂದು ಸಾಲು ಮಾತ್ರ ಅಂಥದ್ದಿದ್ದರೆ ಓದಿ ನಿಲ್ಲಿಸಿ, ಆಗ ಹೀಗೆ ಬರೆಯುತ್ತಿದ್ದರು, ಇದು ತಪ್ಪು ಎಂದು ನೇರವಾಗಿ ಹೇಳಬಹುದು. ಇಡೀ ಕಥೆಯ ನಗು ಒಬ್ಬರ ಬಣ್ಣ, ಜಾತಿ ಅಥವಾ ಅಂಗವೈಕಲ್ಯದ ಮೇಲೆಯೇ ನಿಂತಿದ್ದರೆ ಆ ಕಥೆಯನ್ನು ಓದಲೇಬೇಡಿ. ಬಾಲ್ಯದಲ್ಲಿ ನಮಗೆ ಪ್ರಿಯವಾಗಿತ್ತು ಎಂಬುದು ಅದನ್ನು ಮಗುವಿಗೆ ಕೊಡಲು ಸಾಕಾಗುವ ಕಾರಣವಲ್ಲ. ಯಾವ ಪುಸ್ತಕವನ್ನು ಓದಲಿದ್ದೀರೆಂದು ಸೊಸೆಗೆ ಮೊದಲೇ ತೋರಿಸಿಬಿಟ್ಟರೆ ಮನೆಯಲ್ಲಿ ಚರ್ಚೆಯೂ ಕಡಿಮೆಯಾಗುತ್ತದೆ.

ಪ್ರಶ್ನೆ (ಮೈಸೂರಿನಿಂದ ಒಬ್ಬ ಅಜ್ಜಿ): ಮೊಮ್ಮಕ್ಕಳು ನ್ಯೂಜೆರ್ಸಿಯಲ್ಲಿದ್ದಾರೆ. ವಿಡಿಯೊ ಕರೆಯಲ್ಲಿ ಓದಿ ಹೇಳಬಹುದೇ? ಪುಸ್ತಕವನ್ನು ಸ್ಕ್ಯಾನ್ ಮಾಡಿ ಈ ಪ್ರಶ್ನೋತ್ತರ ನಡೆಯುತ್ತಿರುವ ನಮ್ಮ ಆನ್‌ಲೈನ್ ಗುಂಪಿಗೂ ಹಾಕಿದರೆ ಎಲ್ಲರಿಗೂ ಉಪಯೋಗವಾದೀತು ಎಂದುಕೊಂಡಿದ್ದೇನೆ.

ಉತ್ತರ: ಖಂಡಿತ ಓದಿ ಹೇಳಬಹುದು, ಅಮ್ಮ. ನಮ್ಮ ಬೆಳಗಿನ ಆರು ಗಂಟೆ ಅಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆ, ಬೇಸಿಗೆಯಲ್ಲಿ ಎಂಟೂವರೆ. ಮಕ್ಕಳು ಮಲಗುವ ಹೊತ್ತಿಗೆ ಸರಿಹೊಂದುತ್ತದೆ. ಪುಟವನ್ನು ಕ್ಯಾಮೆರಾದ ಮುಂದೆ ಹಿಡಿದು ಓದುವುದು ನಡೆಯುವ ಕೆಲಸವಲ್ಲ, ಅಕ್ಷರವೂ ಕಾಣದು, ನಿಮ್ಮ ಮುಖವೂ ಕಾಣದು. ಚಿತ್ರಗಳ ಫೋಟೊವನ್ನು ಮೊದಲೇ ಅವರ ಅಪ್ಪ ಅಮ್ಮನಿಗೆ ಕಳುಹಿಸಿಡಿ. ರಾಜರತ್ನಂ ಅವರ ತುತ್ತೂರಿಯ ಪದ್ಯದಂಥ, ಒಂದೆರಡು ನಿಮಿಷದಲ್ಲಿ ಮುಗಿಯುವಂಥವು ಕರೆಗೆ ಒಗ್ಗುತ್ತವೆ.

ಗುಂಪಿಗೆ ಹಾಕುವ ಮಾತು ಬೇರೆ. ನಮ್ಮ ಕಾಯಿದೆಯಂತೆ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆಯವರು 1937ರಲ್ಲಿ ತೀರಿಕೊಂಡದ್ದರಿಂದ ಅವರ ಬರಹಗಳು ಮುಕ್ತವಾಗಿವೆ. ರಾಜರತ್ನಂ ಅವರು ತೀರಿಕೊಂಡದ್ದು 1979ರಲ್ಲಿ, ಆದ್ದರಿಂದ ಅವರ ಪುಸ್ತಕಗಳಿಗೆ 2039ರ ಕೊನೆಯವರೆಗೆ ಹಕ್ಕು ಇದೆ. ಚಿತ್ರಕಾರರ ಹಕ್ಕು ಬೇರೆಯೇ ಇರಬಹುದು. ಹೊಸ ಮುದ್ರಣ ಸಿಗುವ ಪುಸ್ತಕವನ್ನು ಕೊಂಡು ಒಂದು ಪ್ರತಿಯನ್ನು ಅಲ್ಲಿಗೇ ಕಳುಹಿಸಿದರೆ, ಇಬ್ಬರೂ ಒಂದೇ ಪುಟವನ್ನು ತೆರೆದು ಕೂರಬಹುದು.

ಪ್ರಶ್ನೆ (ಶಿವಮೊಗ್ಗದ ಅಜ್ಜಿಯವರೇ ಮತ್ತೆ): ಧನ್ಯವಾದ ಮೇಡಂ. ಕಾಗದ ಹಳದಿಯಾಗಿ ಅಂಚು ಮುರಿಯುತ್ತಿದೆ. ಸೆಲ್ಲೊಟೇಪ್ ಹಾಕಲೇ?

ಉತ್ತರ: ಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದ ಗಾಳಿ ಬೆಳಕಿಗೆ ಹಳದಿಯಾಗುವುದು ಸಹಜ. ಅದನ್ನು ಹಿಂದಕ್ಕೆ ತರಲಾಗದು, ನಿಧಾನಗೊಳಿಸಬಹುದು. ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಯಾಡಿಸಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ. ಟ್ರಂಕಿನಲ್ಲಿ ನುಸಿಗುಳಿಗೆ ಇಟ್ಟಿದ್ದರೆ ತೆಗೆದುಬಿಡಿ, ಅದರ ಆವಿ ಮಕ್ಕಳಿಗೆ ಒಳ್ಳೆಯದಲ್ಲ. ವಾಸನೆ ಹೋಗುವವರೆಗೆ ಪುಸ್ತಕವನ್ನು ಮಗುವಿನ ಹತ್ತಿರ ತರಬೇಡಿ. ತುಕ್ಕು ಹಿಡಿದ ಪಿನ್ನುಗಳನ್ನು ಮೆಲ್ಲನೆ ಬಿಚ್ಚಿ, ಅದೇ ತೂತುಗಳಲ್ಲಿ ಹತ್ತಿಯ ದಾರ ಪೋಣಿಸಿ ಹೊಲಿಯಬಹುದು. ಸೂಜಿಗೆ ದಾರ ಪೋಣಿಸುವ ಕೆಲಸಕ್ಕೆ ಮೊಮ್ಮಗನನ್ನೇ ಕರೆಯಿರಿ, ಅವನ ಕಣ್ಣು ಚುರುಕಾಗಿರುತ್ತದೆ.