ಪದ ಬೇಕಿದೆ: ಇಮ್ಯುನೊಮಾಡ್ಯುಲೇಷನ್

ಗೆಳೆಯರೇ,
ಒಂದು ಕ್ಲಿನಿಕಲ್ ಟ್ರಯಲ್‌ನ ಒಪ್ಪಿಗೆ ಪತ್ರವನ್ನು ನಾಳೆ ಸಂಜೆಯೊಳಗೆ ಕನ್ನಡಕ್ಕೆ ತಂದುಕೊಡಬೇಕು. ಅಸ್ಥಿಮಜ್ಜೆ ಕಸಿಯಾದ ಮಕ್ಕಳಲ್ಲಿ ಕೆಲವೊಮ್ಮೆ ದಾನಿಯ ಬಿಳಿರಕ್ತಕಣಗಳೇ ಮಗುವಿನ ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳುತ್ತವೆ. ಸ್ಟೀರಾಯ್ಡಿಗೂ ಬಗ್ಗದಿದ್ದರೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಬಗೆಯ ಜೀವಕೋಶಗಳನ್ನು ಕೊಟ್ಟು ದಾಳಿ ತಗ್ಗಿಸಲು ನೋಡುತ್ತಾರೆ. ಇದೇ ಇಮ್ಯುನೊಮಾಡ್ಯುಲೇಷನ್. ಅದಕ್ಕೆ ‘ರೋಗನಿರೋಧಕ ಶಕ್ತಿಯ ನಿಯಂತ್ರಣ’ ಎಂದು ಬರೆದು ಒಬ್ಬ ತಾಯಿಗೆ ಓದಿಸಿದೆ. “ಇರೋ ಶಕ್ತೀನೂ ಕಮ್ಮಿ ಮಾಡ್ತೀರಾ?” ಅಂದುಬಿಟ್ಟರು. ಕೊರೊನಾ ಕಷಾಯದ ದಿನಗಳಿಂದ ಅದು ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಬೇರೂರಿದೆ. ಬೇರೆ ಪದ ಹೊಳೆದರೆ ತಿಳಿಸಿ.
— ವಿ.

ಸ್ಟೆಮ್ ಸೆಲ್‌ಗೆ ಏನು ಹಾಕಿದ್ದೀರಿ? ಕಾಂಡಕೋಶ ಎಂದಿದ್ದರೆ ಮೊದಲು ಅಳಿಸಿ. 1868ರಲ್ಲಿ ಜರ್ಮನಿಯ ಜೀವವಿಜ್ಞಾನಿ ಹೆಕೆಲ್ ‘ಶ್ಟಾಮ್‌ತ್ಸೆಲ್ಲೆ’ ಎಂದದ್ದು ವಂಶವೃಕ್ಷವನ್ನು ಮನಸ್ಸಿನಲ್ಲಿಟ್ಟುಕೊಂಡು. ಆಕರಕೋಶವೇ ಸರಿ.
— ಜಿ.ಎಸ್.

ವೃಕ್ಷ ಅಂದಮೇಲೆ ಕಾಂಡ ಇರಲೇಬೇಕಲ್ಲ ಸ್ವಾಮಿ! ಎರಡೂ ಸಂಸ್ಕೃತವೇ, ಬಿಡಿ. ‘ಬುಡಗೂಡು’ ಎನ್ನಿ. ಮಾಡ್ಯುಲೇಷನ್‌ಗೆ ‘ಹತೋಟಿ’. ಅಚ್ಚಗನ್ನಡ.
— ಬ.

ಹತೋಟಿ ಮರಾಠಿಯ ‘ಹಾತೋಟಿ’. ಬುಡಗೂಡು ಎಂದರೆ ಜನ ಗೆದ್ದಲಿನ ಔಷಧಿ ಹುಡುಕುತ್ತಾರೆ. ಹೆಸರಿನ ಜಗಳ ಇಂಗ್ಲಿಷಿನಲ್ಲೇ ಬಗೆಹರಿದಿಲ್ಲ. 1991ರಲ್ಲಿ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂದು ಕರೆದ ಅಮೆರಿಕದ ಜೀವವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಅದನ್ನು ಕೈಬಿಡಿ ಎಂದರು. ಇವು ಹೊಸ ಅಂಗಾಂಶವಾಗುವುದಕ್ಕಿಂತ ಉಳಿದ ಕೋಶಗಳಿಗೆ ಸಂಕೇತ ಕೊಡುವುದೇ ಹೆಚ್ಚು ಎಂಬುದು ಅವರ ವಾದ.
ವಿ. ಮೇಡಂ, ‘ಹದಕ್ಕೆ ತರು’ ಬಳಸಿ ನೋಡಿ. ಆಲೆಮನೆಯಲ್ಲಿ ಪಾಕ ಉಕ್ಕಿತೆಂದು ಯಾರೂ ಒಲೆಗೆ ನೀರು ಸುರಿಯುವುದಿಲ್ಲ. ಉರಿ ತಗ್ಗಿಸಿ, ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ನಿಮಗೆ ಬೇಕಾದ ಅರ್ಥ ಅದೇ ತಾನೆ?
— ಎಂ.

ಹದ ಯಾರ ಸಾಲವೂ ಅಲ್ಲ, ಒಪ್ಪಿದೆ. ಹಳಗನ್ನಡದ ‘ಪದ’, ತಮಿಳಿನಲ್ಲಿ ಇಂದಿಗೂ ‘ಪದಂ’. ಪದ ಹುಡುಕಲು ಹೋಗಿ ‘ಪದ’ವೇ ಸಿಕ್ಕಿತು! ಆದರೆ ಗೆದ್ದಲಿನ ಮಾತು ಬೇಕಿರಲಿಲ್ಲ.
— ಬ.

ಗ್ರಾಮ್ಯ. ವೈದ್ಯಕೀಯ ಪತ್ರ ಅಡುಗೆಪುಸ್ತಕವಲ್ಲ.
— ಜಿ.ಎಸ್.

ಎಲ್ಲರಿಗೂ ವಂದನೆ. ಹೀಗೆ ಬರೆದೆ: ‘ಮಗುವಿನ ಮೈಮೇಲೆ ಎರಗಿರುವ ದಾನಿಯ ರಕ್ತಕಣಗಳನ್ನು ಸ್ಟೆಮ್ ಸೆಲ್ ಕೊಟ್ಟು ಹದಕ್ಕೆ ತರಲು ಯತ್ನಿಸುತ್ತೇವೆ.’ ಸ್ಟೆಮ್ ಸೆಲ್ ಹಾಗೇ ಇರಲಿ. ಕಸಿಯ ವಾರ್ಡಿನಲ್ಲಿ ಆರು ತಿಂಗಳು ಕಳೆದ ಆ ತಾಯಿಗೆ ಕಾಂಡ, ಆಕರ, ಬುಡ ಯಾವುದೂ ಗೊತ್ತಿಲ್ಲ, ಅದು ಗೊತ್ತು.
— ವಿ.

ಇಂಗ್ಲಿಷನ್ನೇ ಇಡುವುದಾದರೆ ನಮ್ಮನ್ನು ಕೇಳಿದ್ದೇಕೆ?
— ಬ.